ಟ್ರ್ಯಾಕ್ಟರ್ ಗಾಳಿ ಹಿಡಿದಾಗ

ಮಳೆ ಬಿದ್ದು ಎರಡು ದಿನ ಆಗಿದೆ. ಎರೆ ಹೊಲ ಕಾಲಿಗೆ ಅಂಟುವುದನ್ನು ಬಿಟ್ಟಿದೆ. ಮುಷ್ಟಿಯಲ್ಲಿ ಹಿಡಿದರೆ ಮಣ್ಣು ಉಂಡೆ ಆಗುತ್ತದೆ, ಬೆರಳಿನಿಂದ ಒತ್ತಿದರೆ ಉದುರುತ್ತದೆ. ಇದೇ ಹದ. ಇದು ಬಹಳ ದಿನ ನಿಲ್ಲುವುದಿಲ್ಲ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದೋನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಯಾವ ಕಡೆ ಹೋದರೂ ಆ ಎರಡು ಮೂರು ದಿನ ಊರಿನ ಟ್ರ್ಯಾಕ್ಟರ್ ಯಾರಿಗೂ ಬಿಡುವಾಗಿ ಸಿಗುವುದಿಲ್ಲ. ಅಂಥ ದಿನವೇ ನಿಮ್ಮ ಹೊಲದ ನಡುವೆ ಕೂರಿಗೆ ಕಟ್ಟಿಕೊಂಡ ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ, ಒಂದು ಸಲ ಜೋರಾಗಿ ಗುಡುಗಿ, ಆಮೇಲೆ ತೆಪ್ಪಗೆ ನಿಂತುಬಿಟ್ಟಿತು ಅಂದುಕೊಳ್ಳಿ.

ಐದು ನಿಮಿಷದಲ್ಲಿ ನಾಲ್ಕು ಜನ ಸೇರುತ್ತಾರೆ. ಒಬ್ಬರು "ಸೆಲ್ಫ್ ಹೊಡಿ, ಇನ್ನೊಂದ್ಸಲ ಹೊಡಿ" ಅನ್ನುತ್ತಾರೆ. ಇನ್ನೊಬ್ಬರು "ಪಂಪ್ ಹೋಗೈತೆ, ಬಿಚ್ಚಿಸಬೇಕು" ಅನ್ನುತ್ತಾರೆ. ಮೂರನೆಯವರಿಗೆ ನಾಜಲ್ ಮೇಲೆ ಅನುಮಾನ. ನಾಲ್ಕನೆಯವರು ಬಂಕಿನವರನ್ನು ಬೈಯುತ್ತಾರೆ. ಅಷ್ಟರಲ್ಲಿ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಇಳಿದಿರುತ್ತದೆ. ಒಂದು ತೊಂದರೆ ಇದ್ದದ್ದು ಈಗ ಎರಡಾಯಿತು!

ಈ ನಾಲ್ವರಲ್ಲಿ ಒಬ್ಬರು ಹೇಳಿದ್ದು ಸರಿ ಇರಲೂಬಹುದು. ಆದರೆ ಹೀಗೆ ನಿಂತ ಟ್ರ್ಯಾಕ್ಟರಿನಲ್ಲಿ ಮೊದಲು ನೋಡಬೇಕಾದದ್ದು ದುಬಾರಿ ಪಂಪನ್ನಲ್ಲ, ಪುಕ್ಕಟೆ ಸಿಗುವ ಗಾಳಿಯನ್ನು. ಡೀಸೆಲ್ ಹೋಗಬೇಕಾದ ದಾರಿಯಲ್ಲಿ ಗಾಳಿಯ ಗುಳ್ಳೆ ಹೊಕ್ಕಿದ್ದರೆ ಎಂಥ ಎಂಜಿನ್ನೂ ನಿಲ್ಲುತ್ತದೆ. ಮಿಸ್ತ್ರಿಗಳು ಇದಕ್ಕೆ "ಏರ್ ಹಿಡಿದೈತೆ" ಅನ್ನುತ್ತಾರೆ. ಗಾಳಿ ಹಿಡಿದರೆ ಎಂಜಿನ್ ಯಾಕೆ ನಿಲ್ಲಬೇಕು? ಅದನ್ನು ಹುಡುಕುವುದು ಹೇಗೆ? ನಿಮ್ಮ ವಿಜ್ಞಾನದ ಪಾಠದಲ್ಲಿರುವ ಒತ್ತಡ, ಗಾತ್ರ, ಸಾಂದ್ರತೆ ಇಷ್ಟೇ ಸಾಕು ಇದಕ್ಕೆ ಉತ್ತರ ಹೇಳಲು.

ಕಿಡಿ ಇಲ್ಲದ ಬೆಂಕಿ

ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಕೆಳತುದಿ ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಗಾಳಿಯನ್ನು ಬೇಗನೆ ಅದುಮಿದರೆ ಅದು ಕಾಯುತ್ತದೆ. ಮೋಟರ್ ಸೈಕಲ್ಲಿನ ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹಚ್ಚಲು ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್ ಎಂಜಿನ್ನಿನಲ್ಲಿ ಅದು ಇಲ್ಲ. ಅಲ್ಲಿ ಪಿಸ್ಟನ್ ಬರೀ ಗಾಳಿಯನ್ನು ಒಳಗೆಳೆದು, ಅದನ್ನು ಹದಿನಾರು ಹದಿನೇಳರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿಯೇ ಹತ್ತಿಕೊಳ್ಳಲು ಅದರ ಅರ್ಧದಷ್ಟು ಬಿಸಿ ಸಾಕು. ಆ ಕಾದ ಗಾಳಿಯೊಳಗೆ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಿದರೆ ಅದು ತಕ್ಷಣ ಉರಿಯುತ್ತದೆ.

ಮಂಜಿನ ಹಾಗೆ ಅನ್ನುವ ಮಾತನ್ನು ಮರೆಯಬೇಡಿ. ಡೀಸೆಲ್ಲನ್ನು ಸುರಿದರೆ ಆಗದು, ತೊಟ್ಟಿಕ್ಕಿದರೂ ಆಗದು. ಕೂದಲೆಳೆಗಿಂತ ಕೆಲವೇ ಪಟ್ಟು ದಪ್ಪದ ತೂತುಗಳಿಂದ ಅದನ್ನು ಚಿಮ್ಮಿಸಬೇಕು. ನಮ್ಮ ಕಡೆ ಓಡಾಡುವ ಹಳೇ ಮಾದರಿಯ ಟ್ರ್ಯಾಕ್ಟರುಗಳಲ್ಲಿ ನಾಜಲ್ಲಿನ ಒಳಗಿನ ಸೂಜಿಯನ್ನು ಗಟ್ಟಿ ಸ್ಪ್ರಿಂಗ್ ಒಂದು ಒತ್ತಿ ಹಿಡಿದಿರುತ್ತದೆ. ಡೀಸೆಲ್ಲಿನ ಒತ್ತಡ ಸುಮಾರು 200 ಬಾರ್ ಮುಟ್ಟುವವರೆಗೆ ಆ ಸೂಜಿ ಮೇಲೇಳುವುದಿಲ್ಲ. 200 ಬಾರ್ ಅಂದ್ರೆ ಎಷ್ಟು? ನಿಮ್ಮ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ, ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ, ಎರಡು ಕ್ವಿಂಟಲ್ ಹತ್ತಿ ಹೇರಿದಷ್ಟು.

ಇಷ್ಟು ಒತ್ತಡ ಹುಟ್ಟಿಸುವುದು ಸುಲಭದ ಮಾತಾಗಿರಲಿಲ್ಲ. ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಎಣ್ಣೆಯನ್ನು ಒಳಗೆ ಊದಲು ಬೇರೆಯೇ ಒಂದು ಗಾಳಿ ಪಂಪು ಬೇಕಿತ್ತು. ಹಾಗಾಗಿ ಆಗಿನ ಎಂಜಿನ್ನುಗಳು ಭಾರೀ ಗಾತ್ರದವು, ಕಾರ್ಖಾನೆಗೋ ಹಡಗಿಗೋ ಸರಿ, ಹೊಲಕ್ಕೆ ಅಲ್ಲ. ರಾಬರ್ಟ್ ಬಾಷ್ ಅವರ ಕಂಪನಿ 1927ರಲ್ಲಿ ಡೀಸೆಲ್ಲನ್ನು ನೇರವಾಗಿ ಒತ್ತುವ ಸಣ್ಣ ಪಂಪನ್ನು ಸಾಲಾಗಿ ತಯಾರಿಸತೊಡಗಿತು. ಅದಾದ ಮೇಲೆ ಲಾರಿಗಳಲ್ಲೂ ಟ್ರ್ಯಾಕ್ಟರುಗಳಲ್ಲೂ ಡೀಸೆಲ್ ಎಂಜಿನ್ ಬಳಕೆ ಹೆಚ್ಚಾಯಿತು. ನಮ್ಮ ಪಕ್ಕದ ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಾರ್ಖಾನೆ ಈ ಸಾಮಾನುಗಳಿಗೇ ಹೆಸರಾಯಿತು. ಈಗ ಅದರ ಹೆಸರೂ ಬಾಷ್ ಅಂತಲೇ ಆಗಿದೆ. ಹಳೇ ಪಂಪಿನ ಮೇಲೆ ಮೈಕೋ ಅಂತ ಬರೆದಿರುವುದನ್ನು ನೀವು ಈಗಲೂ ನೋಡಬಹುದು.

ಒಂದು ಹನಿಗಿಂತ ಕಡಿಮೆ

ಒಂದು ಸಣ್ಣ ಲೆಕ್ಕ ಮಾಡೋಣ. ಪೆನ್ನು ತಗೊಳ್ಳಿ.

ಮೂರು ಸಿಲಿಂಡರಿನ ಒಂದು ಟ್ರ್ಯಾಕ್ಟರ್ ಗಂಟೆಗೆ 5 ಲೀಟರ್ ಡೀಸೆಲ್ ಕುಡಿಯುತ್ತಾ ನಿಮಿಷಕ್ಕೆ 1800 ಸುತ್ತು ತಿರುಗುತ್ತಿದೆ ಅಂತಿಟ್ಟುಕೊಳ್ಳಿ. ನಾಲ್ಕು ಹೊಡೆತದ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಪ್ರತಿ ಸಿಲಿಂಡರಿಗೂ ಡೀಸೆಲ್ ಬೇಕು. ಅಂದರೆ ಒಂದು ಸಿಲಿಂಡರಿಗೆ ನಿಮಿಷಕ್ಕೆ 900 ಸಲ, ಮೂರಕ್ಕೆ 2700 ಸಲ, ಗಂಟೆಗೆ 1,62,000 ಸಲ. 5 ಲೀಟರ್ ಅಂದರೆ 50 ಲಕ್ಷ ಘನ ಮಿಲಿಮೀಟರ್. ಭಾಗಿಸಿದರೆ ಒಂದು ಸಲಕ್ಕೆ ಬರುವುದು ಸುಮಾರು 31 ಘನ ಮಿ.ಮೀ. ಕಣ್ಣಿಗೆ ಹಾಕುವ ಔಷಧಿಯ ಒಂದು ಹನಿಗಿಂತಲೂ ಇದು ಕಡಿಮೆ! ಅಷ್ಟನ್ನು ಅಳೆದು, 200 ಬಾರಿಗೆ ಒತ್ತಿ, ಸೆಕೆಂಡಿನ ಐನೂರನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ಸಿಂಪಡಿಸಿ ಮುಗಿಸಬೇಕು. ಪಂಪಿನ ಪ್ಲಂಜರ್ ಮಾಡುವ ಕೆಲಸ ಇಷ್ಟು ನಾಜೂಕಿನದು.

ಈಗ ಒಂದು ಸಿರಿಂಜ್ ತನ್ನಿ. ಸೂಜಿ ಬೇಡ, ಬರೀ ಸಿರಿಂಜ್ ಸಾಕು. ಅದರಲ್ಲಿ ಒಂದಿಷ್ಟೂ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ, ದಂಡವನ್ನು ಒತ್ತಿ. ಕಲ್ಲಿನ ಹಾಗೆ ನಿಲ್ಲುತ್ತದೆ. ನೀವು ಒತ್ತಿದ್ದಷ್ಟೂ ಹೆಬ್ಬೆರಳಿಗೆ ತಾಗುತ್ತದೆ. ನೀರು ಚೆಲ್ಲಿ ಗಾಳಿ ತುಂಬಿ ಹಾಗೆಯೇ ಒತ್ತಿ. ದಂಡ ಆರಾಮಾಗಿ ಒಳಗೆ ಹೋಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಮೂರನೇ ಸಲ ಅರ್ಧ ನೀರು, ಅರ್ಧ ಗಾಳಿ ಇಟ್ಟು ನೋಡಿ. ನೀರು ಹೆಚ್ಚಿದ್ದರೂ ದಂಡ ಒಳಗೆ ಹೋಗುತ್ತದೆ, ಅಲ್ಲವೇ? ನೀರಿನ ಪಾಲಿನ ಒತ್ತಡವನ್ನೂ ಗಾಳಿಯೇ ನುಂಗಿತು.

ಪಂಪಿನಿಂದ ನಾಜಲ್ಲಿಗೆ ಹೋಗುವ ಉಕ್ಕಿನ ಪೈಪಿನಲ್ಲಿ ಆಗುವುದೂ ಇದೇ. ಆ ಪೈಪಿನ ಒಳಗಿನ ವ್ಯಾಸ ಸುಮಾರು 2 ಮಿ.ಮೀ. ಅದರಲ್ಲಿ 5 ಸೆಂಟಿಮೀಟರ್ ಉದ್ದದ ಗಾಳಿಗುಳ್ಳೆ ಕೂತಿದೆ ಅನ್ನಿ. ಗುಳ್ಳೆಯ ಗಾತ್ರ ಸುಮಾರು 157 ಘನ ಮಿ.ಮೀ. ಪ್ಲಂಜರ್ 31 ಘನ ಮಿ.ಮೀ. ಡೀಸೆಲ್ ತಳ್ಳಿದಾಗ ಗುಳ್ಳೆ 126ಕ್ಕೆ ಕುಗ್ಗುತ್ತದೆ. ಬಾಯ್ಲನ ನಿಯಮದ ಪ್ರಕಾರ ಗಾತ್ರ ಕಡಿಮೆಯಾದಷ್ಟೂ ಒತ್ತಡ ಏರಬೇಕು. ಏರುತ್ತದೆ, ಆದರೆ ಎಷ್ಟು? 157ನ್ನು 126ರಿಂದ ಭಾಗಿಸಿ. ಒಂದೂಕಾಲು ಪಟ್ಟು! ಬೇಕಾದದ್ದು 200 ಬಾರ್, ಸಿಕ್ಕಿದ್ದು ಒಂದೂಕಾಲು. ನಾಜಲ್ಲಿನ ಸೂಜಿ ಅಲುಗಾಡುವುದೂ ಇಲ್ಲ. ಬರೀ ಡೀಸೆಲ್ ಇದ್ದಿದ್ದರೆ 200 ಬಾರ್ ಒತ್ತಡದಲ್ಲಿ ಅದು ನೂರರಲ್ಲಿ ಒಂದೆರಡು ಪಾಲು ಮಾತ್ರ ಕುಗ್ಗುತ್ತಿತ್ತು.

ಒಂದು ಮಾತು ಸೇರಿಸಬೇಕು. ಪಂಪಿನ ಬಾಯಲ್ಲಿ ಒಂದು ವಾಲ್ವ್ ಇದ್ದು, ತಳ್ಳಿದ ಡೀಸೆಲ್ ಪೂರ್ತಿ ವಾಪಸ್ ಬರದ ಹಾಗೆ ತಡೆಯುತ್ತದೆ. ಹಾಗಾಗಿ ಪೈಪಿನಲ್ಲಿ ಒಂದೇ ಗುಳ್ಳೆ ಇದ್ದರೆ ಹತ್ತಾರು ಹೊಡೆತದಲ್ಲಿ ಅದು ಹೇಗೋ ದಾಟಿ ಹೋಗಬಹುದು. ಎಂಜಿನ್ ಕೆಮ್ಮಿ ಮತ್ತೆ ಚೇತರಿಸಿಕೊಳ್ಳುವುದು ಆಗಲೇ. ಆದರೆ ಪ್ಲಂಜರಿನ ಕೋಣೆಗೇ ಗಾಳಿ ಹೊಕ್ಕರೆ, ಹಿಂದಿನಿಂದ ಗಾಳಿ ಬರುತ್ತಲೇ ಇದ್ದರೆ, ನೀವು ಸಂಜೆಯವರೆಗೆ ಸೆಲ್ಫ್ ಹೊಡೆದರೂ ಏನೂ ಆಗುವುದಿಲ್ಲ.

ಕಾಲುವೆ ಹಿಡಿದು ನಡೆದ ಹಾಗೆ

ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರಲಿಲ್ಲ ಅಂದರೆ ರೈತರು ಏನು ಮಾಡುತ್ತಾರೆ? ಹೊಲದಲ್ಲೇ ಕೂತು ಗದ್ದೆಯ ಮಡಿ ಕೆದರುವುದಿಲ್ಲ. ಕಾಲುವೆ ಹಿಡಿದು ಮೇಲಕ್ಕೆ ನಡೆಯುತ್ತಾರೆ. ಈ ತೂಬಿನವರೆಗೆ ನೀರು ಇದೆಯಾ? ಇದೆ. ಮುಂದಿನ ತೂಬಿನಲ್ಲಿ? ಇಲ್ಲ. ಹಾಗಾದರೆ ತೊಂದರೆ ಈ ಎರಡರ ನಡುವೆ. ಟ್ರ್ಯಾಕ್ಟರಿನಲ್ಲೂ ಬೇಕಾದದ್ದು ಇದೇ ಬುದ್ಧಿ.

ಡೀಸೆಲ್ಲಿನ ದಾರಿ ಹೀಗಿದೆ. ಟ್ಯಾಂಕು, ಅದರ ಕೆಳಗೆ ನಲ್ಲಿ, ಅಲ್ಲಿಂದ ಪೈಪು. ಕೆಲವು ಟ್ರ್ಯಾಕ್ಟರುಗಳಲ್ಲಿ ನಡುವೆ ನೀರು ಇಳಿದು ನಿಲ್ಲಲು ಗಾಜಿನ ಬಟ್ಟಲು ಇರುತ್ತದೆ. ಆಮೇಲೆ ಡೀಸೆಲ್ಲನ್ನು ಎಳೆದು ಮುಂದಕ್ಕೆ ಕಳಿಸುವ ಫೀಡ್ ಪಂಪ್. ಅದಕ್ಕೇ ಒಂದು ಕೈಪಂಪೂ ಅಂಟಿಕೊಂಡಿರುತ್ತದೆ. ಅಲ್ಲಿಂದ ಒಂದು ಅಥವಾ ಎರಡು ಫಿಲ್ಟರ್. ಆಮೇಲೆ ದೊಡ್ಡ ಪಂಪು, ಉಕ್ಕಿನ ಪೈಪುಗಳು, ನಾಜಲ್ಲುಗಳು. ನಾಜಲ್ಲಿನಲ್ಲಿ ಸೋರಿ ಉಳಿದ ಡೀಸೆಲ್ ಸಣ್ಣ ಪೈಪಿನಲ್ಲಿ ವಾಪಸ್ ಹೋಗುತ್ತದೆ. ಮಾದರಿಯಿಂದ ಮಾದರಿಗೆ ಜಾಗ ಬದಲಾಗುತ್ತದೆ, ಸಾಲು ಬಹುತೇಕ ಇದೇ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇರುವ ಟ್ರ್ಯಾಕ್ಟರಿನ ಪಕ್ಕ ನಿಂತು, ಎಂಜಿನ್ ತಣ್ಣಗಿರುವಾಗ, ಬೆರಳಿನಿಂದ ಈ ದಾರಿಯನ್ನು ಗುರುತಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಿಂತ ದಿನ ಆ ಚಿತ್ರ ಬೆಲೆ ಬಾಳುತ್ತದೆ.

ಪಾನಾ ಕೈಗೆತ್ತಿಕೊಳ್ಳುವ ಮೊದಲು ಕಣ್ಣಿನಿಂದ ಮಾಡುವ ಕೆಲಸ ಇದೆ. ಸೆಲ್ಫ್ ಹೊಡೆದಾಗ ಎಂಜಿನ್ ಚೆನ್ನಾಗಿ ತಿರುಗುತ್ತಿದೆಯೇ? ಇಲ್ಲ ಅಂದರೆ ಅದು ಬ್ಯಾಟರಿಯ ವಿಷಯ, ಡೀಸೆಲ್ಲಿನದ್ದಲ್ಲ. ತಿರುಗುತ್ತಿದ್ದರೆ ಹೊಗೆ ಕೊಳವೆ ನೋಡಿ. ತಿರುಗುತ್ತಿದ್ದರೂ ಒಂದು ಎಳೆ ಹೊಗೆಯೂ ಬರುತ್ತಿಲ್ಲವೇ? ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬರುತ್ತಿದೆಯೇ? ಡೀಸೆಲ್ ಮುಟ್ಟುತ್ತಿದೆ, ಆದರೆ ಸರಿಯಾಗಿ ಹತ್ತಿಕೊಳ್ಳುತ್ತಿಲ್ಲ; ನೀರು ಸೇರಿರಬಹುದು, ನಾಜಲ್ ಕೆಟ್ಟಿರಬಹುದು, ಪಿಸ್ಟನ್ ಸವೆದು ಗಾಳಿ ಕಾಯದೆ ಇರಬಹುದು. ಈ ಒಂದು ನೋಟದಲ್ಲೇ ಅರ್ಧ ತೀರ್ಮಾನ ಆಗುತ್ತದೆ. ನಾಲ್ಕು ಜನ ಕೂಗಾಡುವ ಗದ್ದಲದಲ್ಲಿ ಹೊಗೆ ಕೊಳವೆ ನೋಡುವವರೇ ಇರುವುದಿಲ್ಲ!

ಹೊಗೆಯೇ ಇಲ್ಲ ಅಂದಾಗ ಮೊದಲು ಸ್ಟಾಪ್ ಗುಬ್ಬಿ ನೋಡಿ. ಎಂಜಿನ್ ನಿಲ್ಲಿಸಲು ಎಳೆಯುವ ಆ ಗುಬ್ಬಿ ಪಂಪಿಗೆ ಡೀಸೆಲ್ ಕೊಡಬೇಡ ಅಂತ ಹೇಳುವ ಸಾಧನ. ಅದು ಪೂರ್ತಿ ಒಳಗೆ ಹೋಗದೆ ಅರ್ಧದಲ್ಲಿ ಸಿಕ್ಕಿಕೊಂಡಿದ್ದರೆ ಯಾವ ಮಿಸ್ತ್ರಿಯೂ ಬೇಡ, ಒಂದು ತಳ್ಳು ಸಾಕು. (ಸೀಟಿನ ಮೇಲೆ ಕೂತು ಆಡುವ ನಿಮ್ಮ ತಮ್ಮ ತಂಗಿಯರನ್ನೂ ಒಮ್ಮೆ ವಿಚಾರಿಸಿ.) ಆಮೇಲೆ ಟ್ಯಾಂಕು. ಮುಳ್ಳು ತೋರಿಸುವುದನ್ನು ನಂಬಬೇಡಿ, ಹಳೇ ಟ್ರ್ಯಾಕ್ಟರುಗಳಲ್ಲಿ ಅದು ಸುಳ್ಳು ಹೇಳುವುದೇ ಹೆಚ್ಚು. ಚೊಕ್ಕ ಕಡ್ಡಿ ಇಳಿಸಿ ಅಳೆಯಿರಿ. ಕತ್ತಲಾಗಿದ್ದರೆ ಟಾರ್ಚ್ ಹಿಡಿಯಿರಿ, ಕಡ್ಡಿಪೆಟ್ಟಿಗೆ ಗೀರಬೇಡಿ. ಟ್ಯಾಂಕಿನ ಕೆಳಗಿನ ನಲ್ಲಿ ತೆರೆದಿದೆಯೇ ನೋಡಿ.

ಟ್ಯಾಂಕಿನ ಮುಚ್ಚಳ ತೆಗೆಯುವಾಗ ಕಿವಿ ಕೊಡಿ. "ಸುಸ್" ಅಂತ ಗಾಳಿ ಒಳಗೆ ಹೋದ ಸದ್ದು ಕೇಳಿತೇ? ಕೇಳಿದರೆ ಅಲ್ಲಿಯೇ ಗುಟ್ಟು ಇರಬಹುದು. ಮುಚ್ಚಳದಲ್ಲಿ ಒಂದು ಸಣ್ಣ ಗಾಳಿ ತೂತು ಇರುತ್ತದೆ. ಡೀಸೆಲ್ ಖರ್ಚಾದಷ್ಟು ಜಾಗಕ್ಕೆ ಹೊರಗಿನ ಗಾಳಿ ಅದರ ಮೂಲಕ ಬರಬೇಕು. ನಮ್ಮ ಹೊಲದ ಧೂಳು, ಮೇಲೆ ಡೀಸೆಲ್ಲಿನ ಜಿಡ್ಡು, ಎರಡೂ ಸೇರಿ ಆ ತೂತನ್ನು ಮುಚ್ಚಿಬಿಡುತ್ತವೆ. ಆಗ ಟ್ಯಾಂಕಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತಾ ಹೋಗುತ್ತದೆ, ಡೀಸೆಲ್ ಇಳಿಯುವುದಿಲ್ಲ. ಟ್ರ್ಯಾಕ್ಟರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ; ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ; ಮತ್ತೆ ಅರ್ಧ ಗಂಟೆಗೆ ನಿಲ್ಲುತ್ತದೆ. ಜನ ಎಂಜಿನ್ ಬಿಸಿಯಾಗಿ ನಿಂತಿತು ಅಂದುಕೊಳ್ಳುತ್ತಾರೆ. ನೀರಿನ ಬಾಟಲಿಯ ತಳಕ್ಕೆ ಮೊಳೆಯಿಂದ ಸಣ್ಣ ತೂತು ಮಾಡಿ, ನೀರು ತುಂಬಿ, ಮುಚ್ಚಳ ಬಿಗಿದು ನೋಡಿ. ನೀರು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಹರಿಯುತ್ತದೆ. ಹತ್ತು ಪೈಸೆ ಖರ್ಚಿಲ್ಲದ ಪ್ರಯೋಗ ಇದು. ಟ್ರ್ಯಾಕ್ಟರಿನ ರಿಪೇರಿಗೆ ಬೇಕಾದದ್ದೂ ಒಂದು ತಂತಿಯ ತುಂಡು ಮಾತ್ರ.

ಇಷ್ಟೆಲ್ಲ ಸರಿ ಇದ್ದರೆ ಆಗ ಪಾನಾ. ದಾರಿಯನ್ನು ನಡುವೆ ಕತ್ತರಿಸಿ ನೋಡಬೇಕು. ಫಿಲ್ಟರಿನ ತಲೆಯ ಮೇಲಿನ ಏರ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ ಕೈಪಂಪ್ ಒತ್ತಿ. ಅಲ್ಲಿ ಡೀಸೆಲ್ ಭರಪೂರ ಬರುತ್ತಿದ್ದರೆ ಟ್ಯಾಂಕಿನಿಂದ ಅಲ್ಲಿಯವರೆಗಿನ ದಾರಿ ಸರಿ ಇದೆ, ತೊಂದರೆ ಮುಂದಿದೆ. ಬರದಿದ್ದರೆ ಹಿಂದಿದೆ: ಪೈಪು ಕಟ್ಟಿದೆ, ಟ್ಯಾಂಕಿನ ಜಾಲರಿಗೆ ಕಸ ಮೆತ್ತಿದೆ ಅಥವಾ ಫೀಡ್ ಪಂಪಿನ ವಾಲ್ವ್ ಕೆಟ್ಟಿದೆ. ಡೀಸೆಲ್ ಬದಲು ನೊರೆ ಬಂತೋ, ಎಲ್ಲೋ ಗಾಳಿ ಹೊಕ್ಕುತ್ತಿದೆ.

ಎಲ್ಲಿ? ಇದು ಬಹಳ ಜನ ಎಡವುವ ಜಾಗ. "ಎಲ್ಲೂ ಸೋರಿಲ್ಲಲ್ಲ, ಗಾಳಿ ಹೆಂಗ್ ಹೊಕ್ಕಿತು?" ಅನ್ನುತ್ತಾರೆ. ಫೀಡ್ ಪಂಪಿನಿಂದ ಮುಂದಿನ ದಾರಿಯಲ್ಲಿ ಒತ್ತಡ ಹೊರಗಿಗಿಂತ ಹೆಚ್ಚು. ಅಲ್ಲಿ ಬಿರುಕು ಇದ್ದರೆ ಡೀಸೆಲ್ ಹೊರಗೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಫೀಡ್ ಪಂಪಿನ ಹಿಂದೆ, ಟ್ಯಾಂಕಿನ ಕಡೆ, ಪಂಪು ಎಳೆಯುತ್ತಿರುತ್ತದೆ. ಅಲ್ಲಿ ಜಾಲರಿ ಅರ್ಧ ಕಟ್ಟಿದ್ದರೆ ಅಥವಾ ಡೀಸೆಲ್ ಕಡಿಮೆ ಇದ್ದರೆ, ಎಂಜಿನ್ ಓಡುವಾಗ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಆಗ ಬಿರುಕಿನಿಂದ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಬಿರುಕು ಬಿಟ್ಟ ಸ್ಟ್ರಾದಲ್ಲಿ ಎಳನೀರು ಕುಡಿದಿದ್ದರೆ ಇದು ನಿಮಗೆ ಗೊತ್ತು. ಹೊರಗೆ ಒಂದು ಹನಿ ಸೋರುವುದಿಲ್ಲ, ಬಾಯಿಗೆ ಬರುವುದು ಬರೀ ಗಾಳಿ. ಹಾಗಾಗಿ ಒದ್ದೆ ಆದ ಜಾಗ ಮಾತ್ರ ಹುಡುಕಿದರೆ ಸಾಲದು. ಬಿಸಿಲಿಗೆ ಒಣಗಿ ಸೀಳಿದ ರಬ್ಬರ್ ಪೈಪು, ಸಡಿಲಾದ ಕ್ಲಿಪ್ಪು, ನಟ್ಟಿನ ಕೆಳಗಿನ ಸವೆದ ತಾಮ್ರದ ವಾಷರ್, ಇವನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಬೇಕು. ಒಂದನ್ನು ಸರಿ ಮಾಡಿ, ಪರೀಕ್ಷಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ನಾಲ್ಕನ್ನು ಒಟ್ಟಿಗೆ ಬಿಚ್ಚಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಕತ್ತಲೆ.

ಗಾಳಿ ತೆಗೆಯುವ ಕ್ರಮ

ಇದನ್ನು ಅಪ್ಪ, ಮಾವ ಅಥವಾ ಮಿಸ್ತ್ರಿ ಮಾಡುವಾಗ ನೀವು ಪಕ್ಕದಲ್ಲಿ ನಿಂತು ನೋಡಿ, ಕೈ ಜೋಡಿಸಿ, ಒಬ್ಬರೇ ಮಾಡಬೇಡಿ. ಮೊದಲು ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಲಿ. ಗೇರ್ ನ್ಯೂಟ್ರಲ್, ಬ್ರೇಕ್ ಬಿಗಿ. ಸ್ಕ್ರೂ ಬಿಚ್ಚುವ ಜಾಗದ ಧೂಳನ್ನು ಚೊಕ್ಕ ಬಟ್ಟೆಯಿಂದ ಒರೆಸಿ. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾ ಇದ್ದರೆ ಮೊದಲು ನೊರೆ, ಆಮೇಲೆ ಗುಳ್ಳೆ ಗುಳ್ಳೆಯಾಗಿ, ಕೊನೆಗೆ ಒಂದೇ ಧಾರೆಯಾಗಿ ಡೀಸೆಲ್ ಬರುತ್ತದೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಹರಿಯುವುದು ನಿಂತ ಮೇಲೆ ಬಿಗಿದರೆ ಗಾಳಿ ಮತ್ತೆ ಒಳಗೆ ಸೇರಿಕೊಂಡಿರುತ್ತದೆ, ಪಟ್ಟ ಶ್ರಮ ನೀರುಪಾಲು. ಎರಡು ಫಿಲ್ಟರ್ ಇದ್ದರೆ ಟ್ಯಾಂಕಿಗೆ ಹತ್ತಿರದ್ದು ಮೊದಲು, ಆಮೇಲೆ ಎರಡನೆಯದು, ಆಮೇಲೆ ದೊಡ್ಡ ಪಂಪಿನ ಏರ್ ಸ್ಕ್ರೂ. ಯಾವಾಗಲೂ ಡೀಸೆಲ್ ಹರಿಯುವ ದಿಕ್ಕಿನಲ್ಲೇ ಹೋಗಬೇಕು.

ಇಷ್ಟಕ್ಕೆ ಬಹಳ ಸಲ ಎಂಜಿನ್ ಎದ್ದು ಕೂರುತ್ತದೆ. ಏಳದಿದ್ದರೆ ನಾಜಲ್ಲುಗಳ ತಲೆಯ ಮೇಲಿನ ಪೈಪಿನ ನಟ್ಟುಗಳನ್ನು ಒಂದು ಸುತ್ತು ಮಾತ್ರ ಸಡಿಲಿಸಿ ಸೆಲ್ಫ್ ಹೊಡೆಯಬೇಕು, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನೊರೆ ಹೋಗಿ ಡೀಸೆಲ್ ಜಿನುಗಿದ ಮೇಲೆ ಬಿಗಿಯುವುದು.

ಇಲ್ಲಿ ಒಂದು ಎಚ್ಚರಿಕೆ, ಈ ಲೇಖನದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ನಾಜಲ್ ಕೆಲಸ ಮಾಡುತ್ತಿದೆಯಾ ನೋಡಲು ಕೆಲವರು ಅದನ್ನು ಹೊರಗೆ ತೆಗೆದು ಗಾಳಿಯಲ್ಲಿ ಸಿಂಪಡಿಸಿ, ಅಂಗೈ ಅಡ್ಡ ಹಿಡಿಯುತ್ತಾರೆ. 200 ಬಾರಿನ ಡೀಸೆಲ್ ಚರ್ಮವನ್ನು ಸೂಜಿಯ ಹಾಗೆ ತೂರಿ ಒಳಗೆ ಹೋಗುತ್ತದೆ. ಹೊರಗೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ, ಮೊದಲು ನೋವೂ ಹೆಚ್ಚಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸ ಕೊಳೆಯತೊಡಗುತ್ತದೆ, ಬೆರಳೋ ಕೈಯೋ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಬೆಳಗಾಗಲಿ ಅನ್ನಬಾರದು. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, "ಒತ್ತಡದ ಡೀಸೆಲ್ ಕೈಯೊಳಗೆ ಹೊಕ್ಕಿದೆ" ಅಂತ ಬಿಡಿಸಿ ಹೇಳಬೇಕು. ಎಂಜಿನ್ ಓಡುತ್ತಿರುವಾಗ ಉಕ್ಕಿನ ಪೈಪಿನ ಸೋರಿಕೆಯನ್ನು ಬೆರಳಿನಿಂದ ತಡವಿ ಹುಡುಕುವುದೂ ಇಷ್ಟೇ ಅಪಾಯ. ರಟ್ಟಿನ ತುಂಡು ಹಿಡಿದು ನೋಡಿ. ಒದ್ದೆಯಾದರೆ ಅಲ್ಲಿ ಸೋರುತ್ತಿದೆ.

ಹಾಗೆಯೇ ಗಾಳಿ ಎಳೆಯುವ ಕೊಳವೆಗೆ ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿದು ಎಂಜಿನ್ ಎಬ್ಬಿಸುವುದು. ಅದು ಎಬ್ಬಿಸುವುದೂ ಉಂಟು, ಮುಖಕ್ಕೆ ಬೆಂಕಿ ಹಾರಿಸುವುದೂ ಉಂಟು.

ಇನ್ನೊಂದು ಮಾತು. ಇಲ್ಲಿ ಹೇಳಿದ್ದೆಲ್ಲ ಹಳೇ ಮಾದರಿಯ, ಕಬ್ಬಿಣದ ಪಂಪಿನ ಟ್ರ್ಯಾಕ್ಟರಿಗೆ. 2023ರಿಂದ 50 ಅಶ್ವಶಕ್ತಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿದೆ, ಅವುಗಳಲ್ಲಿ ಕಾಮನ್ ರೇಲ್ ಅನ್ನುವ ವ್ಯವಸ್ಥೆ ಬಂದಿದೆ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅಂಥದರ ನಾಜಲ್ ಪೈಪಿನ ನಟ್ಟಿಗೆ ಹೊಲದಲ್ಲಿ ಪಾನಾ ಹಾಕಲೇಬಾರದು.

ನೀರು, ಧೂಳು, ಶೇಂಗಾ ಎಣ್ಣೆ

ಗಾಳಿ ತೆಗೆದ ಮೇಲೂ ಎಂಜಿನ್ ತಡವರಿಸಿದರೆ ಡೀಸೆಲ್ಲನ್ನೇ ಅನುಮಾನಿಸಬೇಕು. ನೀರಿನ ಒಂದು ಲೀಟರ್ ಒಂದು ಕಿಲೋ ತೂಗಿದರೆ ಡೀಸೆಲ್ ಸುಮಾರು 830 ಗ್ರಾಂ. ಹಾಗಾಗಿ ಟ್ಯಾಂಕಿಗೆ ಸೇರಿದ ನೀರು ಯಾವಾಗಲೂ ತಳದಲ್ಲಿರುತ್ತದೆ, ಪೈಪಿಗೆ ಹೋಗುವುದೂ ಅದೇ ಮೊದಲು. ಅರ್ಧ ಖಾಲಿ ಟ್ಯಾಂಕನ್ನು ರಾತ್ರಿ ಬಿಟ್ಟರೆ ಒಳಗಿನ ತೇವದ ಗಾಳಿ ತಣಿದು ಹನಿಗಟ್ಟುತ್ತದೆ, ಮಳೆಗಾಲದಲ್ಲಿ ಹೆಚ್ಚು. ಟ್ಯಾಂಕನ್ನು ಬೆಳಿಗ್ಗೆ ತುಂಬಿಸುವುದಕ್ಕಿಂತ ಸಂಜೆ ತುಂಬಿಸುವುದು ಅದಕ್ಕೇ ಲೇಸು. ಬೆಳಿಗ್ಗೆ ಎಂಜಿನ್ ಹಚ್ಚುವ ಮೊದಲು ಬಟ್ಟಲಿನ ಅಥವಾ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಸ್ವಲ್ಪವನ್ನು ಗಾಜಿನ ಶೀಷೆಗೆ ಹಿಡಿಯಿರಿ. ನೀರಿದ್ದರೆ ಎರಡು ಪದರ ಎದ್ದು ಕಾಣುತ್ತದೆ. ರಾತ್ರಿಯಿಡೀ ನಿಂತದ್ದರಿಂದ ನೀರು ಇಳಿದಿರುತ್ತದೆ. ಟ್ರ್ಯಾಕ್ಟರ್ ಕುಲುಕಿದ ಮೇಲೆ ನೋಡಿದರೆ ಎಲ್ಲ ಕಲಸಿಹೋಗಿ ಏನೂ ತಿಳಿಯದು.

ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಕೆಲವೇ ಮೈಕ್ರಾನ್. ನಿಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಷ್ಟು ಸಣ್ಣ ಸಂದಿನಲ್ಲಿ ಧೂಳು ಹೊಕ್ಕರೆ ಅರದಿಂದ ಉಜ್ಜಿದ ಹಾಗೆ ಸವೆಯುತ್ತದೆ, ಸವೆದ ಪಂಪು ಒತ್ತಡ ಹಿಡಿಯುವುದಿಲ್ಲ. ಮನೆಯ ಡ್ರಮ್ಮಿನಿಂದ ಹೊಲದಲ್ಲಿ ಬಕೆಟ್ಟಿಗೆ ಸುರಿದು, ಅಲ್ಲಿಂದ ಟ್ಯಾಂಕಿಗೆ ಸುರಿಯುವ ರೂಢಿ ನಮ್ಮಲ್ಲಿದೆ. ಗಾಳಿ ಬೀಸುವ ಹೊಲದಲ್ಲಿ ಅದರೊಂದಿಗೆ ಎಷ್ಟು ಮಣ್ಣು ಹೋಗುತ್ತದೆ ಯೋಚಿಸಿ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವುದೂ ಹಾಗೆಯೇ, ಉಳಿಸಿದ ಕೆಲವು ನೂರು ರೂಪಾಯಿಗೆ ಸಾವಿರಗಟ್ಟಲೆ ತೆರಬೇಕಾಗುತ್ತದೆ. ಸೀಮೆಎಣ್ಣೆ ಬೆರೆಸಿದರೂ ಎಂಜಿನ್ ಓಡುತ್ತದೆ, ನಿಜ. ಆದರೆ ಆ ಪಂಪಿಗೆ ಜಾರಿಕೆ ಕೊಡುವುದು ಡೀಸೆಲ್ಲೇ. ಸೀಮೆಎಣ್ಣೆಗೆ ಆ ಜಿಡ್ಡು ಸಾಲದು.

ಹಾಗಾದರೆ ಜಿಡ್ಡು ಹೆಚ್ಚಿರುವ ಎಣ್ಣೆ? ಶೇಂಗಾ ಬೆಳೆಯುವ ನಮ್ಮ ಕಡೆಯವರಿಗೆ ಇದು ಖುಷಿಯ ಸುದ್ದಿ. 1900ರಲ್ಲಿ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು, ಮತ್ತು ಎಷ್ಟೋ ಜನರಿಗೆ ಅದು ಬೇರೆ ಎಣ್ಣೆ ಅಂತ ಗೊತ್ತೇ ಆಗಲಿಲ್ಲ. ಆದರೆ ಇಂದಿನ ಟ್ರ್ಯಾಕ್ಟರಿಗೆ ಗಾಣದ ಎಣ್ಣೆ ಸುರಿಯಬೇಡಿ. ಶೇಂಗಾ ಎಣ್ಣೆ ಡೀಸೆಲ್ಲಿಗಿಂತ ಹತ್ತಾರು ಪಟ್ಟು ಮಂದ. ಫಿಲ್ಟರಿನಲ್ಲಿ ತಡೆಯುತ್ತದೆ, ನಾಜಲ್ಲಿನಿಂದ ಮಂಜಾಗಿ ಬರುವುದಿಲ್ಲ, ಅರ್ಧ ಉರಿದು ಮಸಿಯಾಗಿ ಕಟ್ಟುತ್ತದೆ.

ನಾಜಲ್ಲಿನ ಒತ್ತಡ ಅಳೆಯುವುದು, ಪಂಪ್ ಬಿಚ್ಚುವುದು ಇವು ಪರೀಕ್ಷಾ ಯಂತ್ರ ಇರುವ ಅಂಗಡಿಯ ಕೆಲಸ. ಅಲ್ಲಿಗೆ ಹೋಗುವಾಗ ಬರೀ "ನಿಂತೈತೆ" ಅನ್ನದೆ, ಹೊಗೆ ಯಾವ ಬಣ್ಣ ಇತ್ತು, ಫಿಲ್ಟರಿನವರೆಗೆ ಡೀಸೆಲ್ ಬಂತೋ ಇಲ್ಲವೋ, ಎಷ್ಟು ಹೊತ್ತು ಓಡಿ ನಿಂತಿತು ಅಂತ ಹೇಳಿ. ಮಿಸ್ತ್ರಿ ನಿಮ್ಮನ್ನು ಒಮ್ಮೆ ತಿರುಗಿ ನೋಡುತ್ತಾರೆ.

ಕೊನೆಗೆ ನಿಮಗೊಂದು ಪ್ರಶ್ನೆ. ಒಂದು ಟ್ರ್ಯಾಕ್ಟರ್ ಟ್ಯಾಂಕಿನಲ್ಲಿ ಕಾಲು ಪಾಲಿಗಿಂತ ಕಡಿಮೆ ಡೀಸೆಲ್ ಇಟ್ಟುಕೊಂಡು ಬಯಲಿನಲ್ಲಿ ದಿನವಿಡೀ ಚೆನ್ನಾಗಿ ಓಡಿತು. ಸಂಜೆ ಗುಡ್ಡದ ಏರು ದಾರಿ ಹತ್ತುವಾಗ ನಡುವೆ ನಿಂತಿತು. ಹಿಂದಕ್ಕೆ ಇಳಿಸಿ ಸಮತಟ್ಟು ಜಾಗಕ್ಕೆ ತಂದರೂ ಹತ್ತಲಿಲ್ಲ. ಗಾಳಿ ತೆಗೆದ ಮೇಲೆ ಹತ್ತಿತು. ಸೋರಿಕೆ ಎಲ್ಲೂ ಇಲ್ಲ, ಫಿಲ್ಟರ್ ಹೊಸದು. ಗಾಳಿ ಎಲ್ಲಿಂದ ಬಂತು? ಟ್ಯಾಂಕನ್ನು ಓರೆಯಾಗಿ ಬರೆದು, ಒಳಗಿನ ಡೀಸೆಲ್ಲಿನ ಮಟ್ಟ ಎಳೆದು ನೋಡಿ. ಉತ್ತರವನ್ನು ಚಿತ್ರದ ಸಮೇತ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.